ಲಗಮವ್ವನ ಖೀಮಾದ ಕೂಸು

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆಯ ಬದಿಯ ಆ ಓಣಿಗೆ ಬೆಳಗಾದದ್ದು ಗೊತ್ತಾಗುತ್ತಿದ್ದುದು ಲಗಮವ್ವ ರೊಟ್ಟಿ ಬಡಿಯುವ ಸದ್ದಿನಿಂದ. ಕೋಳಿ ಕೂಗುವುದು, ಬಸ್ಸು ಹಾರ್ನ್ ಹಾಕುವುದು ಎಲ್ಲ ಆಮೇಲೆ. ಮದುವೆಯಾಗಿ ಬಂದಂದಿನಿಂದ ಅವಳ ಅಂಗೈ ರೊಟ್ಟಿ ಬಡಿಯುತ್ತಲೇ ಬಂದಿತ್ತು. ಕುರಿ ಹಿಂಡಿನ ಹಿಂದೆ ಊರೂರು ತಿರುಗುವಾಗ ಕಲ್ಲು ಹೂಡಿದ ಒಲೆಯ ಮುಂದೆ, ಯಾರದೋ ಹೊಲದ ಬದುವಿನಲ್ಲಿ, ಹೊಟ್ಟೆಯಲ್ಲಿ ಮಗು ಇದ್ದಾಗ, ಬೆನ್ನಿಗೆ ಮಗು ಕಟ್ಟಿಕೊಂಡಾಗ, ಎಲ್ಲ ಹೊತ್ತಿನಲ್ಲೂ ಬಡಿದವಳು. ಅಂಥ ಸದ್ದು ಒಂದು ದಿನ ನಿಂತುಹೋಯಿತು. ಗಂಡಹೆಂಡಿರಿಗೆ ಜಗಳವಾಗಿದೆ ಎಂದು ಓಣಿಯವರು ತೀರ್ಮಾನ ಮಾಡಿದರು. ಈ ಓಣಿಯವರಿಗೆ ಬೇರೆ ಕಾರಣ ಹೊಳೆಯುವುದೇ ಇಲ್ಲ.

ಕಾರಣ ಇದ್ದದ್ದು ಪಾಂಡಪ್ಪನ ಕಣ್ಣಿನಲ್ಲಿ. ಲಗಮವ್ವನ ಗಂಡ ಪಾಂಡಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹರೆಯದಲ್ಲಿ ಬೀಳಗಿಯ ಕಡೆ ಹಿನ್ನೀರಿನ ದಂಡೆಯಲ್ಲಿ ನಿಂತು ಆಚೆ ದಡದ ಕುರಿಯ ಕಿವಿಯ ಗುರುತು ಹೇಳುತ್ತಿದ್ದ ಮನುಷ್ಯನಿಗೆ ಈಗ ಮನೆಯ ಬಾಗಿಲೇ ಬೆಳ್ಳಗೆ ಮಸುಕಾಗಿ ಕಾಣುತ್ತಿತ್ತು. ಹಿಂಡನ್ನು ಮಗ ಯಲ್ಲಾಲಿಂಗನಿಗೆ ಒಪ್ಪಿಸಿ ಪಡಸಾಲೆಯ ಹೊರಸಿನ ಮೇಲೆ ಕುಳಿತುಬಿಟ್ಟಿದ್ದ. ಮಗ ಎಂದಾದರೂ ಮರಿಯೊಂದನ್ನು ತಂದು ತೊಡೆಯ ಮೇಲಿಟ್ಟರೆ ಅದರ ಕಿವಿ, ಮೂಗು, ಗೊರಸು ಮುಟ್ಟಿ ಮುಟ್ಟಿ, ಇದು ಇಂಥ ಕುರಿಯ ಮರಿ ಎನ್ನುತ್ತಿದ್ದ. ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದ ದಿನ ಮರಿಯನ್ನು ಮಗನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ.

ಜಮಖಂಡಿಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರು ಕಣ್ಣು ನೋಡಿ, ರಕ್ತ ನೋಡಿ, ತಲೆ ಅಲ್ಲಾಡಿಸಿದ್ದರು. "ಅಜ್ಜಾ, ಕಣ್ಣ ತೆರಸೂ ಜವಾಬ್ದಾರಿ ನಂದು. ಶುಗರ್ ಇಳಿಸೂ ಜವಾಬ್ದಾರಿ ನಿಮ್ದು. ಗುಳಿಗಿ ತಪ್ಪಸಬ್ಯಾಡ್ರಿ. ರೊಟ್ಟಿ, ಅನ್ನ, ಬೆಲ್ಲ ಕಡಿಮಿ ಮಾಡ್ರಿ. ಆದರ ಭಾಳ ತಡಾನೂ ಮಾಡಬ್ಯಾಡ್ರಿ, ಪೊರಿ ಕಲ್ಲಾದ್ರ ಕಷ್ಟ ಆಗತೈತಿ" ಎಂದಿದ್ದರು. ಕಡಿಮೆ ಎಂಬ ಮಾತು ಲಗಮವ್ವನಿಗೆ ಅರ್ಥವಾಗುವ ಪೈಕಿಯದಲ್ಲ. ಅವಳಿಗೆ ಗೊತ್ತಿರುವುದು ಎರಡೇ, ಇದೆ ಅಥವಾ ಇಲ್ಲ. ಮನೆಗೆ ಬಂದವಳೇ ಜೋಳದ ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಹಂಚನ್ನು ಗೋಡೆಗೆ ಆನಿಸಿ ಬೋರಲು ನಿಲ್ಲಿಸಿದಳು.

ರೊಟ್ಟಿ ನಿಲ್ಲಿಸುವುದು ಸುಲಭ, ರೊಟ್ಟಿ ಉಂಡ ಕೈಯನ್ನು ನಿಲ್ಲಿಸುವುದು ಹೇಗೆ? ಸೊಪ್ಪು, ಕಾಳು, ತತ್ತಿ, ಏನು ಬಡಿಸಿದರೂ ಪಾಂಡಪ್ಪನ ಬಲಗೈ ತಾಟಿನ ತುಂಬ ರೊಟ್ಟಿಗಾಗಿ ಹುಡುಕಾಡುತ್ತಿತ್ತು. ಅಂಚು ಸವರುತ್ತಿತ್ತು, ಬಟ್ಟಲಿನ ಕೆಳಗೆ ತಡಕುತ್ತಿತ್ತು, ಏನೂ ಸಿಗದೆ ತಾಟಿನ ನಡುವೆ ಸುಮ್ಮನೆ ಬೀಳುತ್ತಿತ್ತು. ಅದನ್ನು ನೋಡಲಾರದೆ ಲಗಮವ್ವ ಒಲೆಯ ಕಡೆ ತಿರುಗುತ್ತಿದ್ದಳು.

"ಉಣ್ಣರೀ" ಎಂದರೆ, "ಉಂಡೆ ಬಿಡ" ಎನ್ನುತ್ತಿದ್ದ.

"ಎಲ್ಲಿ ಉಂಡೀರಿ? ಹಂಗ ಐತಿ ತಾಟು."

"ರೊಟ್ಟಿ ಇಲ್ಲದ್ದು ಊಟ ಅಲ್ಲ, ಮೇವು. ನಾ ಕುರಿ ಕಾದಾಂವ. ಕುರಿ ಅಲ್ಲ."

ಅರ್ಧ ಹೊಟ್ಟೆಯಲ್ಲಿ ಎದ್ದವನಿಗೆ ಮಧ್ಯಾಹ್ನ ಹಸಿವು. ಪಕ್ಕದ ಮನೆಯ ಅನಸವ್ವ ಅಯ್ಯೋ ಪಾಪ ಎಂದು ಕಟಕ ರೊಟ್ಟಿ ಕೊಟ್ಟರೆ ಕದ್ದು ತಿನ್ನುವುದು. ಕದ್ದು ತಿನ್ನಲು ಕಟಕ ರೊಟ್ಟಿಗಿಂತ ಕೆಟ್ಟ ತಿನಿಸು ಲೋಕದಲ್ಲಿಲ್ಲ, ಕಚ್ಚಿದರೆ ಓಣಿಗೆಲ್ಲ ಕೇಳುತ್ತದೆ. ಲಗಮವ್ವ ಹೋಗಿ ಅನಸವ್ವನ ಬಾಗಿಲಲ್ಲಿ ನಿಂತು ದೊಡ್ಡ ಬಾಯಿ ಮಾಡಿ ಬಂದಳು. ಬಂದು ಹಿತ್ತಲಲ್ಲಿ ಕುಳಿತು ಅತ್ತಳು.

ಇದೆಲ್ಲ ಫೋನಿನಲ್ಲಿ ಕೇಳಿದ ಮಗಳು ರೇಷ್ಮಾ ಬನಹಟ್ಟಿಯಿಂದ ಬಂದಳು. ಗಂಡನ ಮನೆಯಲ್ಲಿ ಕುಪ್ಪಸ ಹೊಲಿಯುತ್ತ, ಹೊಲಿಯುವಾಗ ಫೋನಿನಲ್ಲಿ ದೇಶದೇಶದ ಅಡುಗೆ ನೋಡುತ್ತ ಇರುವ ಹೆಣ್ಣು. ಬರುವಾಗ ದೊಡ್ಡದೊಂದು ರಟ್ಟಿನ ಡಬ್ಬಿ ಹೊತ್ತು ತಂದಿದ್ದಳು. ಬಿಚ್ಚಿದರೆ ಒಳಗೊಂದು ಕರೆಂಟಿನ ಪಾತ್ರೆ. ಅದರೊಳಗೆ ಮಣ್ಣಿನದರಂತೆ ಭಾರವಾದ ಕರಿ ಗಡಿಗೆ, ಮೇಲೆ ಗಾಜಿನ ಮುಚ್ಚಳ.

"ಇದು ಸ್ಲೋ ಕುಕ್ಕರ್ ಯವ್ವಾ. ಮುಂಜಾನೆ ಇಟ್ಟರ ಸಂಜಿತನಾ ತಾನ ಸಾವಕಾಶ ಕುದೀತೈತಿ."

"ಸೀಟಿ ಎಲ್ಲೈತಿ?"

"ಇದು ಸೀಟಿ ಹೊಡಿಯೂದಿಲ್ಲ ಬೇ."

"ಸೀಟಿ ಹೊಡಿಲಾರದ್ದ ಎಂಥಾ ಕುಕ್ಕರ್!" ಎಂದಳು ಲಗಮವ್ವ.

ರೇಷ್ಮಾ ಫೋನು ತೆಗೆದು ತೋರಿಸಿದಳು. ಬಂಗಾರದ ಬಣ್ಣದ ಕೂದಲಿನ ಯಾವುದೋ ದೇಶದ ಹೆಂಗಸು ಕೊಚ್ಚಿದ ಮಾಂಸದ ಖೀಮಾ ನಾದಿ, ಅಗಲ ಮಾಡಿ, ನಡುವೆ ಏನೇನೋ ತುಂಬಿ, ಸುತ್ತಿ, ಉದ್ದನೆಯ ಉಂಡೆ ಮಾಡಿ ಗಡಿಗೆಯೊಳಗೆ ಮಲಗಿಸಿದಳು. "ಹಿಟ್ಟಿಲ್ಲ, ಅನ್ನ ಇಲ್ಲ, ಬೆಲ್ಲ ಇಲ್ಲ. ಶುಗರ್ ಏರೂದಿಲ್ಲ, ಹೊಟ್ಟಿ ಗಟ್ಟಿ ಆಗತೈತಿ" ಎಂದಳು ರೇಷ್ಮಾ. ಲಗಮವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಪಾಪ, ಇಕಿ ಗಂಡಗೂ ಶುಗರ್ ಇರಬೇಕ" ಎಂದಳು. ಅಷ್ಟರಿಂದ ಆ ಹೆಂಗಸು ಅವಳಿಗೆ ಹತ್ತಿರದವಳಾದಳು.

ಮೊದಲ ಸಲ ಕೆಟ್ಟಿತು. ಖೀಮಾ ನಾದುವಾಗ ಲಗಮವ್ವನ ಕೈ ಅವಳನ್ನು ಕೇಳದೆಯೇ ಅಟ್ಟದ ಜೋಳದ ಹಿಟ್ಟಿನ ಡಬ್ಬಿಯ ಕಡೆಗೆ ಎದ್ದಿತು. ಎಡಗೈಯಿಂದ ಬಲಗೈಗೆ ಒಂದು ಹೊಡೆದು ಕೆಳಗಿಳಿಸಿದಳು. ಹಿಡಿದಿಡಲು ಏನೂ ಹಾಕಲಿಲ್ಲ. ಸಂಜೆ ಮುಚ್ಚಳ ತೆಗೆದರೆ ಉಂಡೆ ಒಡೆದು, ತತ್ತಿ ಒಂದು ಕಡೆ, ಸೊಪ್ಪು ಒಂದು ಕಡೆ, ನೀರಿನ ತುಂಬ ಖೀಮಾ. ಬಾಗಿಲಲ್ಲಿ ಮಲಗಿದ್ದ ಬೇಟೆನಾಯಿ, ಎಲುಬು ಎಣಿಸುವಷ್ಟು ತೆಳ್ಳಗಿನ ಮುಧೋಳದ ಜಾತಿಯದು, ಉದ್ದ ಮೂಗು ಎತ್ತಿ ನೋಡಿತು. ಅದಕ್ಕೆ ಅಂದು ಹಬ್ಬ.

ಮರುದಿನ ತಲೆ ಬಾಚಿಕೊಳ್ಳುತ್ತಿದ್ದಾಗ ಲಗಮವ್ವನಿಗೆ ಅಗಸಿ ಹಿಂಡಿ ಹೊಳೆಯಿತು. ಹುರಿದು ಕುಟ್ಟಿದ ಅಗಸಿ ಬೀಜದ ಪುಡಿ ಮನೆಯಲ್ಲಿ ಯಾವಾಗಲೂ ಇರುವಂಥದ್ದು. ನೀರು ತಾಗಿದರೆ ಅದು ಅಂಟು ಬಿಡುತ್ತದೆ, ತೊಳೆದರೂ ಬೆರಳು ಬಿಡುವುದಿಲ್ಲ. ಅರ್ಧ ಬಾಚಿದ ತಲೆಯಲ್ಲೇ ಎದ್ದು ಮಟನ್ ಅಂಗಡಿಗೆ ಹೋದಳು. ಭುಜದ ಮಾಂಸ, ಸ್ವಲ್ಪ ಕೊಬ್ಬು ಸೇರಿಸಿ, ನುಣ್ಣಗೆ ಖೀಮಾ ಮಾಡಿಸಿ ತಂದಳು. ಅದಕ್ಕೆ ಬೆಳ್ಳುಳ್ಳಿ, ಹಸಿಶುಂಠಿ, ಕೊತ್ತಂಬರಿ, ಮಸಾಲೆ ಖಾರ, ಉಪ್ಪು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಹಸಿ ತತ್ತಿ ಒಡೆದು ಹಾಕಿ, ಮೇಲೆ ಹಿಡಿ ಹಿಡಿ ಅಗಸಿ ಹಿಂಡಿ. ನಾದುತ್ತ ನಾದುತ್ತ ಕೈಯ ಕೆಳಗೆ ಮುದ್ದೆ ಬಿಗಿಯಾಯಿತು. ತಟ್ಟಿದರೆ ಒಂದು ಸದ್ದು ಬಂತು. ಹಳೆಯ ಸದ್ದಲ್ಲ, ಆದರೆ ಅದರ ತಂಗಿಯಂಥದ್ದು.

ಪಡಸಾಲೆಯಿಂದ ಪಾಂಡಪ್ಪ ತಲೆ ಎತ್ತಿದ. "ರೊಟ್ಟಿ ಬಡಿಯಾಕತ್ತೀ ಏನ?"

"ಇಲ್ರೀ. ಸುಮ್ಕ ಕುಂಡ್ರಿ."

ಒದ್ದೆ ಬಟ್ಟೆಯ ಮೇಲೆ ಖೀಮಾ ಅಗಲ ತಟ್ಟಿ, ಎಣ್ಣೆಯಲ್ಲಿ ಬಾಡಿಸಿದ ಮೆಂತ್ಯ ಸೊಪ್ಪು ಹರಡಿ, ಅದರ ಮೇಲೆ ಕುದಿಸಿದ ತತ್ತಿಗಳನ್ನು ಸಾಲಾಗಿ ಮಲಗಿಸಿದಳು. ಬಟ್ಟೆ ಎತ್ತಿ ಸುತ್ತಿದಳು. ಸೇರಿದ ಕಡೆ ನೀರು ಸವರಿ ನಯ ಮಾಡಿದಳು. ಗಡಿಗೆಯ ತಳಕ್ಕೆ ಅರಿಸಿನದ ಎಲೆ ಅಡ್ಡ ಉದ್ದ ಹಾಸಿ, ಎರಡೂ ಅಂಗೈಯಲ್ಲಿ ಎತ್ತಿ ಮಲಗಿಸಿದಾಗ, ಕುರಿಯ ಹಿಂಡಿನ ಹಿಂದೆ ತಿರುಗುವಾಗ ಬುಟ್ಟಿಯಲ್ಲಿ ರೇಷ್ಮಾಳನ್ನು ಮಲಗಿಸುತ್ತಿದ್ದ ನೆನಪಾಯಿತು. ಎಲೆಯ ತುದಿ ಮಡಚಿ ಹೊದಿಸಿದಳು. ಆವತ್ತಿನಿಂದ ಆ ಮನೆಯಲ್ಲಿ ಅದರ ಹೆಸರು ಖೀಮಾದ ಕೂಸು.

ಮುಚ್ಚಳ ತೆಗೆಯಬಾರದೆಂದು ರೇಷ್ಮಾ ಆಣೆ ಹಾಕಿಸಿದ್ದಳು. ಲಗಮವ್ವ ಗೋಡೆಗೆ ಒರಗಿ ಕುಳಿತು ಗಾಜನ್ನೇ ನೋಡಿದಳು. ಮೊದಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಗಾಜಿನ ಒಳಗೆ ಉಸಿರು ಕಟ್ಟಿದ ಹಾಗೆ ಮಬ್ಬು ಬಂತು, ಮಬ್ಬು ಹನಿಯಾಯಿತು, ಹನಿ ಸೇರಿ ಇಳಿಯತೊಡಗಿತು. ಬಿಸಿಲು ಬಾಗಿಲಿಂದ ಒಳಗೆ ಬಂದು, ಹೊರಸಿನ ಕಾಲು ಮುಟ್ಟಿ, ಹಿಂದೆ ಸರಿಯಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹಾಡು ಹಾಕಿಕೊಂಡು ಹೋದವು. ಅರಿಸಿನದ ಎಲೆಯ ವಾಸನೆ ಮೊದಲು ಬಂತು, ಅದರ ಹಿಂದೆ ಬೆಳ್ಳುಳ್ಳಿ, ಎಷ್ಟೋ ಹೊತ್ತಾದ ಮೇಲೆ ಮೆಲ್ಲಗೆ ಮಾಂಸದ ವಾಸನೆ. ಮನೆ ಅದರಲ್ಲಿ ತೇಲಿತು. ನಾಯಿ ಕಣ್ಣು ಮುಚ್ಚಿಕೊಂಡೇ ಬಾಲ ಆಡಿಸಿತು.

"ಲಗಮೀ" ಎಂದ ಪಾಂಡಪ್ಪ. ಅವನ ಕಣ್ಣುಗಳೂ ಆ ಗಾಜಿನ ಹಾಗೆಯೇ ಮಬ್ಬಾಗಿದ್ದವು. "ಎಲ್ಲಿ ಅದೀವಿ ನಾವು?"

"ಮನ್ಯಾಗ ಅದೀವ್ರಿ."

"ಇಲ್ಲ. ಇದು ಹಿನ್ನೀರಿನ ದಂಡಿ. ಸೆಗಣಿ ಕುಳ್ಳಿನ ಕೆಂಡದಾಗ ಗಡಿಗಿ ಹುಗದ ಹೋಗ್ತಿದ್ದಿವಿ ನೋಡು, ಕುರಿ ಮೇಸಿಕೊಂಡ ಬರೂದ್ರಾಗ ಮಾಂಸ ಬೆಣ್ಣಿ ಆಗಿರ್ತಿತ್ತು. ಅದ ವಾಸನಿ."

ಲಗಮವ್ವ ಕಣ್ಣು ಮುಚ್ಚಿದಳು. ಖರೆ, ಅದೇ ಇತ್ತು. ನೀರಿನ ಮೇಲಿನ ಗಾಳಿ, ಸಂಜೆಯ ಧೂಳು, ಧೂಳಿನೊಳಗಿಂದ ಒಂದೊಂದಾಗಿ ಮೂಡುವ ಕುರಿಗಳು, ಎಲ್ಲಕ್ಕಿಂತ ಹಿಂದೆ ಕಂಬಳಿ ಹೊದ್ದು ಬರುವ ಗಂಡ. ಅವನು ದೂರದಿಂದಲೇ ಅವಳನ್ನು ಗುರುತು ಹಿಡಿದು ಕೋಲು ಎತ್ತುತ್ತಿದ್ದ. ಅಷ್ಟು ದೂರದಿಂದ ಕಂಡವಳು ಈಗ ಒಂದು ಮಾರು ದೂರದಲ್ಲಿ ಕೂತರೂ ಕಾಣುತ್ತಿಲ್ಲವಲ್ಲ ಎನಿಸಿತು. ಇನ್ನೊಮ್ಮೆ ಆತ ನನ್ನ ನೋಡಿ ಕೋಲು ಎತ್ತಬೇಕು, ಅಷ್ಟೇ ನನಗೆ ಬೇಕಾದದ್ದು ಎಂದುಕೊಂಡಳು.

ಸಂಜೆ ಎಲೆಯ ತುದಿ ಹಿಡಿದು ಎತ್ತಿದರೆ ಕೂಸು ಇಡಿಯಾಗಿ ಮೇಲೆ ಬಂತು. ಆರಲು ಬಿಟ್ಟು, ಕೊಯ್ದು, ತಾಟಿಗೆ ಹಾಕಿದಳು. ಪಾಂಡಪ್ಪನ ಕೈ ಎಂದಿನಂತೆ ಹುಡುಕಲು ಹೊರಟಿತು. ದುಂಡನೆಯ ದಪ್ಪ ಹೋಳು ಸಿಕ್ಕಿದ್ದೇ ಕೈ ನಿಂತಿತು. ಮುರಿಯಿತು. ರೊಟ್ಟಿ ಮುರಿಯುವ ಹಾಗೆಯೇ ಹೆಬ್ಬೆರಳು ಒತ್ತಿ ಮುರಿಯಿತು.

"ಇದರಾಗ ತತ್ತಿ ಹೆಂಗ ಹೊಕ್ಕೈತಿ?"

"ಹೊಟ್ಟ್ಯಾಗ ಕುಂತೈತ್ರಿ."

ಅವನು ನಕ್ಕ. ಎಷ್ಟು ದಿನವಾಗಿತ್ತೋ ಆ ನಗು ಕೇಳಿ. ತಾಟು ಬರಿದಾಗುವವರೆಗೆ ಉಂಡ. ಕೈ ತೊಳೆಯುವಾಗ ಕೇಳಿದ, "ನಿಂದ ಊಟ?"

"ನಾ ಅನಸವ್ವನ ಮನ್ಯಾಗ ರೊಟ್ಟಿ ತಿಂದ ಬಂದೇನ್ರಿ" ಎಂದಳು ಲಗಮವ್ವ. ಅದು ಸುಳ್ಳು. ಅನಸವ್ವನ ಜೊತೆ ಮಾತು ಬಿಟ್ಟೇ ಆಗಿತ್ತು, ಅದು ಪಾಂಡಪ್ಪನಿಗೆ ಗೊತ್ತಿರಲಿಲ್ಲ. ಗಂಡನ ಕೈ ತಾಟಿನಲ್ಲಿ ತಡಕಾಡುವುದನ್ನು ನೋಡಿದಂದಿನಿಂದ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವನು ಉಂಡು ಬಿಟ್ಟ ಚೂರು, ಒಂದಿಷ್ಟು ಸೊಪ್ಪು, ಮೇಲೆ ಮಜ್ಜಿಗೆ, ಅಷ್ಟೇ ಅವಳ ಊಟ. ಹೇಳಿದ್ದರೆ ಅವನು ಉಣ್ಣುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ.

ಹೀಗೆ ನಡೆಯಿತು. ವಾರಕ್ಕೆ ಎರಡು ಸಲ ಕೂಸು, ಮನೆದೇವರು ಬೀರೇಶ್ವರನ ಸೋಮವಾರಕ್ಕೆ ಮೊಳಕೆ ಕಾಳು, ಉಳಿದ ದಿನ ಸೊಪ್ಪು ತತ್ತಿ. ಅನಸವ್ವನ ಕಟಕ ರೊಟ್ಟಿಯ ನೆನಪೂ ಪಾಂಡಪ್ಪನಿಗೆ ಬರಲಿಲ್ಲ. ಮುಧೋಳದಲ್ಲಿ ರಕ್ತ ನೋಡಿಸಿದರೆ ಶುಗರ್ ಇಳಿದಿತ್ತು. ಒಂದು ದಿನ ಅವಳು ತಾಟು ಇಡುವಾಗ ಬಳೆಗಳ ಸದ್ದಿಗೆ ಕಿವಿಗೊಟ್ಟು ಪಾಂಡಪ್ಪ ಕೇಳಿದ. "ಏ ಲಗಮಿ, ನಿನ್ನ ಬಳಿ ಇತ್ತಿತ್ಲಾಗ ಭಾಳ ಮಾತಾಡಾಕತ್ತಾವಲ್ಲ?"

"ಹೊಸಾವು ಹಾಕ್ಕೊಂಡೇನ್ರಿ" ಎಂದು ಮಾತು ಹಾರಿಸಿದಳು.

ಕಣ್ಣಿನ ಆಪರೇಷನ್ನಿಗೆಂದು ಜಮಖಂಡಿಗೆ ಎರಡನೆಯ ಸಲ ಹೊರಟರು. ಹೊರಟವರು ದಾರಿಯಲ್ಲಿ ಇಳಿದು ಬೀರೇಶ್ವರನ ಗುಡಿಗೆ ಹೋಗದೆ ಮುಂದೆ ಹೋಗುವುದುಂಟೇ? ಹೋದ ಸಲವೂ ಹೋಗಿದ್ದರು. ಈ ಸಲ ಪೂಜಾರಿ ಗಿರಮಲ್ಲಪ್ಪ ಇಬ್ಬರ ಹಣೆಗೂ ಅರಿಸಿನದ ಭಂಡಾರ ಬಳಿದು, ಕಣ್ಣಿನ ಕೆಲಸ ಎಂದು ವಿಶೇಷ ಮನಸ್ಸು ಮಾಡಿ, ಬೆಲ್ಲ ಕೊಬ್ಬರಿ ಪುಟಾಣಿಯ ಪ್ರಸಾದವನ್ನು ಪಾಂಡಪ್ಪನ ಬೊಗಸೆ ತುಂಬ ಸುರಿದ. ಭಕ್ತಿಯಲ್ಲಿ ಪಾಂಡಪ್ಪ ಒಂದು ಕಣವನ್ನೂ ಕೆಳಗೆ ಬೀಳಿಸಲಿಲ್ಲ.

ದವಾಖಾನೆಯಲ್ಲಿ ನರ್ಸಮ್ಮ ಮಶೀನು ನೋಡಿ ಹುಬ್ಬು ಗಂಟಿಕ್ಕಿದಳು. "ಅಜ್ಜಾ, ಇಷ್ಟ ಏರೇತಲ್ರೀ. ಏನ ತಿಂದ ಬಂದೀರಿ?"

"ಏನೂ ಇಲ್ಲವಾ. ಖಾಲಿ ಹೊಟ್ಟಿ."

"ಹೌದ್ರಿ ಯವ್ವಾ, ಬೀರಪ್ಪನ ಆಣಿ, ಹನಿ ಚಾ ಕುಡದಿಲ್ಲ" ಎಂದಳು ಲಗಮವ್ವ. ಇಬ್ಬರೂ ಬೀರಪ್ಪನ ಹೆಸರಿನಲ್ಲಿ ಸುಳ್ಳು ಹೇಳುವವರಲ್ಲ.

ನರ್ಸಮ್ಮ ಇನ್ನೊಮ್ಮೆ ನೋಡೋಣವೆಂದು ಪಾಂಡಪ್ಪನ ಕೈ ಹಿಡಿದಳು. "ಮತ್ತ ಈ ಕೈ ಯಾಕ ಅಂಟ ಆಗೈತಿ?"

"ಅದು ಪ್ರಸಾದರಿ."

"ಪ್ರಸಾದ ಅಂದ್ರ?"

"ಬೆಲ್ಲ."

ನರ್ಸಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು. ಲಗಮವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಪ್ರಸಾದ ತಿನ್ನುವ ಪದಾರ್ಥವಲ್ಲ, ಅದು ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ, ಉಪವಾಸದ ದಿನವೂ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ದೇವರು ಕೊಟ್ಟದ್ದು ರಕ್ತದಲ್ಲಿ ಸಕ್ಕರೆಯಾಗುತ್ತದೆ ಎಂದರೆ ಹೇಗೆ ನಂಬುವುದು? ಆದರೆ ಮಶೀನಿಗೆ ಬೀರಪ್ಪ ಗೊತ್ತಿರಲಿಲ್ಲ. ಇವತ್ತಾಗುವುದಿಲ್ಲ, ಮುಂದಿನ ವಾರ ಬನ್ನಿ, ಇನ್ನು ತಡ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ಪಾಂಡಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕುಳಿತಿದ್ದ. ಕಾಣುವವರ ಹಾಗೆ. ಅಷ್ಟು ದಿನ ನಾದಿದ್ದು, ಕಾದದ್ದು ಎಲ್ಲ ತನ್ನ ಭಕ್ತಿಯಿಂದಲೇ ಹಾಳಾಯಿತೆಂದು ಲಗಮವ್ವ ಒಳಗೊಳಗೇ ಕುದಿದಳು.

ಮೂರನೆಯ ಸಲ ರೇಷ್ಮಾ ಜೊತೆಗಿದ್ದಳು. "ಗುಡಿಗಿ ಇಳಿಯೂದ ಬ್ಯಾಡ ಯವ್ವಾ" ಎಂದಳು. ಬಸ್ಸು ನಿಂತಿತು. ಲಗಮವ್ವ ಒಬ್ಬಳೇ ಎದ್ದಳು. "ಅಪ್ಪನ ಕರ್ಕೊಂಡ ನಡಿ ನೀ. ನಾ ಹಿಂದ ಬರೂ ಬಸ್ಸಿಗಿ ಬರ್ತೇನಿ" ಎಂದು ಇಳಿದುಬಿಟ್ಟಳು.

ಗಿರಮಲ್ಲಪ್ಪ ಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿನ ಅಂಚಿಗೆ ಕಟ್ಟಿದಳು. ಗಂಡನನ್ನು ದೇವರ ಬಾಗಿಲ ಮುಂದೆಯೇ ದಾಟಿಸಿ ಕಳಿಸಿದವಳು ಅವರ ಮನೆತನದಲ್ಲಿ ಇವಳೇ ಮೊದಲಿರಬೇಕು. "ಬೀರಪ್ಪಾ" ಎಂದಳು, ಜಗಳಕ್ಕೆ ನಿಂತವಳಂತೆ. "ನಿನ್ನ ಬೆಲ್ಲ ಒಲ್ಲೆ ಅಂದಿಲ್ಲ. ಗಂಟ ಕಟ್ಟೇನಿ, ನೋಡು. ಸಿಟ್ಟ ಬಂದ್ರ ನನ್ನ ಮ್ಯಾಲ ಮಾಡ. ಆತನ ಕಣ್ಣ ಬಿಟ್ಟಬಿಡ." ಹಣೆಯ ಭಂಡಾರ ಬೆವರಿನಲ್ಲಿ ಇಳಿದು ಅವಳ ಮೂಗಿನ ತುದಿಗೆ ಬಂತು.

ಅವಳು ದವಾಖಾನೆ ಮುಟ್ಟುವಷ್ಟರಲ್ಲಿ ಪಾಂಡಪ್ಪನನ್ನು ಒಳಗೆ ಕರೆದುಕೊಂಡಿದ್ದರು. ಶುಗರ್ ಸರಿ ಇತ್ತು. ಹೊರಗೆ ಬಾಕಿನ ಮೇಲೆ ಕುಳಿತವಳು ಆ ಗಂಟನ್ನು ಬಿಡಲೇ ಇಲ್ಲ.

ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದರು. ಮೊದಲು ಒಂದು ಕಣ್ಣು, ಇನ್ನೊಂದಕ್ಕೆ ಆಮೇಲೆ ಬರಬೇಕು. ಸೆರಗಿನ ಬೆಲ್ಲದ ನೆನಪು ಬರುವಷ್ಟರಲ್ಲಿ ಇರುವೆಗಳಿಗೆ ಸುದ್ದಿ ಮುಟ್ಟಿಬಿಟ್ಟಿತ್ತು. ಬೀರಪ್ಪನೇ ಇವುಗಳನ್ನು ವಸೂಲಿಗೆ ಕಳಿಸಿದ್ದಾನೆಂದು ಲಗಮವ್ವ ಗಂಟು ಬಿಚ್ಚಿ ಹೊಸ್ತಿಲಲ್ಲಿಟ್ಟಳು.

ಅಂದು ಬೆಳಿಗ್ಗೆಯೇ ಯಲ್ಲಾಲಿಂಗ ಬಂದು ರೇಷ್ಮಾ ಹೇಳಿದಂತೆ ಕೂಸನ್ನು ಕುಕ್ಕರಿನಲ್ಲಿ ಮಲಗಿಸಿ ಹೋಗಿದ್ದ. ಮನೆಯ ತುಂಬ ಅದೇ ವಾಸನೆ. ಪಾಂಡಪ್ಪ ಹೊರಸಿನ ಮೇಲೆ ಕುಳಿತು ಸುತ್ತ ನೋಡಿದ. ಬಾಗಿಲು ನೋಡಿದ, ನಾಯಿಯನ್ನು ನೋಡಿದ, ಗಾಜಿನ ಮುಚ್ಚಳದ ಮೇಲೆ ಇಳಿಯುವ ಹನಿಗಳನ್ನು ಬಹಳ ಹೊತ್ತು ನೋಡಿದ. ಲಗಮವ್ವ ತಾಟು ತಂದಿಟ್ಟಳು. ಕಂದು ಬಣ್ಣದ ದುಂಡು ಹೋಳು, ಅದರೊಳಗೆ ಸೊಪ್ಪಿನ ಹಸಿರು ಬಳೆ, ಅದರೊಳಗೆ ತತ್ತಿಯ ಬಿಳಿ, ನಟ್ಟ ನಡುವೆ ಹಳದಿ.

"ಇಷ್ಟ ದಿನ ಇದನ್ನ ತಿಂದೇನೇನ ನಾ? ಭಾಳ ಚಂದ ಐತಲ್ಲ ಲಗಮಿ!" ಎಂದ. ಕೈ ಚಾಚಿದ. ಹುಡುಕಲಿಲ್ಲ, ನೇರ ಹೋಳಿಗೇ ಹೋಯಿತು.

ಅಲ್ಲಿಗೆ ನಿಂತಿತು. ತಾಟನ್ನು ಇಟ್ಟು ಸೆರಗು ಏರಿಸಲು ಎತ್ತಿದ ಲಗಮವ್ವನ ಕೈ ಅವನ ಕಣ್ಣಿಗೆ ಬಿದ್ದಿತ್ತು. ಹಸಿರು ಬಳೆಗಳು ಮಣಿಕಟ್ಟು ಬಿಟ್ಟು ಮೊಣಕೈವರೆಗೆ ಜಾರಿದ್ದವು. ಹೊಸವಲ್ಲ. ತಾನೇ ಬಾದಾಮಿ ಜಾತ್ರೆಯಲ್ಲಿ ಇಡಿಸಿದ್ದವು, ಇಡಿಸುವಾಗ ಬಿಗಿಯಾಗಿ ಅವಳು ಕಣ್ಣೀರು ಹಾಕಿದ್ದಳು. ಅವನು ನಿಧಾನವಾಗಿ ತಲೆ ಎತ್ತಿ ಅವಳ ಮುಖ ನೋಡಿದ. ಗದ್ದ ಚೂಪಾಗಿತ್ತು. ಕೊರಳ ಎಲುಬು ಎದ್ದಿತ್ತು.

"ಅನಸವ್ವ ರೊಟ್ಟಿ ಕೊಡ್ತಿದ್ದಳಲ್ಲ?" ಎಂದ.

ಲಗಮವ್ವ ಸೆರಗು ಹೊದ್ದು ಕೈ ಮುಚ್ಚಿಕೊಂಡಳು. ಕಣ್ಣು ಬಂದರೆ ಅವನಿಗೆ ಏನೇನು ಕಾಣುತ್ತದೆಂದು ಅವಳು ಕನಸು ಕಂಡಿದ್ದಳೋ, ಅದರಲ್ಲಿ ಇದು ಇರಲಿಲ್ಲ.

"ಹಿಟ್ಟಿನ ಡಬ್ಬಿ ಎಲ್ಲೈತಿ?"

"ಅಟ್ಟದ ಮ್ಯಾಲ ಐತ್ರಿ. ನಿಮಗ ಬ್ಯಾಡಂದಾರ ಡಾಕ್ಟರು."

"ನನಗಲ್ಲ. ನಿನಗ. ಇಳಸು."

ಬಹಳ ದಿನಗಳ ಮೇಲೆ ಆ ಓಣಿಯಲ್ಲಿ ಆ ಸದ್ದು ಎದ್ದಿತು. ಮೊದಲು ತಡೆದು ತಡೆದು, ಆಮೇಲೆ ಹಳೆಯ ಓಟಕ್ಕೆ. ಅನಸವ್ವ ಮಾತು ಬಿಟ್ಟದ್ದನ್ನೂ ಮರೆತು ಬಾಗಿಲಿಗೆ ಬಂದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಲಗಮವ್ವ ಅದನ್ನು ಮುರಿದು ಬಾಯಿಗಿಟ್ಟಾಗ ಕಣ್ಣಿಂದ ನೀರು ಇಳಿದು ರೊಟ್ಟಿಯ ಮೇಲೆ ಬಿತ್ತು. ಪಾಂಡಪ್ಪ ಎದುರಿಗೆ ಕುಳಿತು, ತನ್ನ ತಾಟಿನ ಹೋಳನ್ನು ಮುಟ್ಟದೆ, ಅವಳು ಜಗಿಯುವುದನ್ನು, ನುಂಗುವುದನ್ನು, ಮತ್ತೆ ಮುರಿಯುವುದನ್ನು ನೋಡಿದ. ಕೊನೆಯ ಚೂರು ಮುಗಿಯಿತು. ಅವನು ಪಕ್ಕದಲ್ಲಿದ್ದ ಕೋಲನ್ನು ತೆಗೆದು, ದಂಡೆಯ ಮೇಲಿಂದ ಎತ್ತುತ್ತಿದ್ದ ಹಾಗೆ, ಮೇಲೆತ್ತಿದ.

"ಇನ್ನೊಂದ ಬಡಿ" ಎಂದ. "ನನ್ನ ಹೊಟ್ಟಿ ಇನ್ನಾ ತುಂಬಿಲ್ಲ."